ಕಾಲಿನಲ್ಲಲ್ಲ, ಹೊಟ್ಟೆಯಲ್ಲಿ

ಅಕ್ಕನ ಹೊಟ್ಟೆನೋವನ್ನು ಮೂರು ವಾರ ನಾವೆಲ್ಲರೂ ಗ್ಯಾಸ್ಟ್ರಿಕ್ ಎಂದೇ ಕರೆದೆವು. ಔಷಧ ಬರೆದುಕೊಟ್ಟವರೂ ಹಾಗೆಯೇ ಕರೆದರು. ಕೊನೆಗೆ ಸ್ಕ್ಯಾನಿಂಗ್ ಮಾಡಿದ ವೈದ್ಯೆ ಮಾತ್ರ ಒಂದೇ ಕಡೆ ಮತ್ತೆ ಮತ್ತೆ ಒತ್ತಿ ನೋಡಿ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಹಾಕಿ, "ಇಲ್ಲಿ ರಕ್ತ ಹರಿಯುತ್ತಿಲ್ಲವಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಹೆಪ್ಪು ಬೆಳೆಯದಂತೆ ತಡೆಯುವ ಚುಚ್ಚುಮದ್ದು ಅಂದೇ ಆರಂಭವಾಯಿತು. ಇನ್ನು ಗುಣವಾದಂತೆಯೇ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ಹೆಪ್ಪು ಇಲ್ಲಿಯೇ ಏಕೆ ಕಟ್ಟಿತು ಎಂಬ ಪ್ರಶ್ನೆಯನ್ನು ರಕ್ತರೋಗ ತಜ್ಞರು ಎತ್ತಿದರು. ಕಾಲಿನಲ್ಲಿ ಹೆಪ್ಪುಗಟ್ಟುವುದಕ್ಕೆ ಶಸ್ತ್ರಚಿಕಿತ್ಸೆ, ದೀರ್ಘ ಪ್ರಯಾಣ, ಹಾಸಿಗೆ ಹಿಡಿದದ್ದು ಎಂದು ಹಲವು ಕಾರಣಗಳು ಸಿಗುತ್ತವೆ. ಯಕೃತ್ತು ಅಥವಾ ಕರುಳಿನ ಅಭಿಧಮನಿಯಲ್ಲಿ ಅದು ಕಂಡು, ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಸಿರೋಸಿಸ್ ಆಗಲಿ ಹೊಟ್ಟೆಯೊಳಗಿನ ಸೋಂಕಾಗಲಿ ಇಲ್ಲವೆಂದಾದರೆ, ಅಡಗಿರುವ ಕ್ಯಾನ್ಸರನ್ನೂ ಹುಡುಕಬೇಕಾಗುತ್ತದೆ ಎಂದರು. ಕೆಲವು ಗೆಡ್ಡೆಗಳ ಜೀವಕೋಶಗಳು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ತಾವೇ ಹೊರಸೂಸುತ್ತವೆಯಂತೆ.

ಆ ರಾತ್ರಿ ನಾನು ಆರ್ಮಾನ್ ಟ್ರೂಸೋ ಎಂಬ ಫ್ರೆಂಚ್ ವೈದ್ಯನ ಬಗ್ಗೆ ಓದಿದೆ. ಈ ನಂಟನ್ನು 1865ರಲ್ಲಿ ವಿವರಿಸಿದ ಆತ, 1867ರಲ್ಲಿ ತನ್ನದೇ ಅಭಿಧಮನಿಯಲ್ಲಿ ಹೆಪ್ಪನ್ನು ಗುರುತಿಸಿ, ಅದೇ ವರ್ಷ ಜಠರದ ಕ್ಯಾನ್ಸರಿನಿಂದ ತೀರಿಕೊಂಡ. ಆ ಹೊತ್ತಿನಲ್ಲಿ ಅದನ್ನು ಓದಬಾರದಿತ್ತು.

ಸಿಟಿ ಸ್ಕ್ಯಾನಿನಲ್ಲಿ ಗೆಡ್ಡೆ ಇರಲಿಲ್ಲ. ರಕ್ತಕಣಗಳ ಎಣಿಕೆಯೂ ಸರಿಯಾಗಿಯೇ ಇತ್ತು. ವರದಿ ಹಿಡಿದು ಸಂಭ್ರಮದಿಂದ ಹೋದ ನನಗೆ ತಜ್ಞರ ಮುಖದಲ್ಲಿ ನಗು ಕಾಣಲಿಲ್ಲ. ಆ 'ಸರಿ'ಯೇ ಅವರಿಗೆ ಸರಿಕಂಡಿರಲಿಲ್ಲ. ಪೋರ್ಟಲ್ ಅಭಿಧಮನಿ ಕಟ್ಟಿಕೊಂಡಾಗ ಗುಲ್ಮ (ಸ್ಪ್ಲೀನ್) ಹಿಗ್ಗಿ ರಕ್ತಕಣಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, ಅಕ್ಕನ ಪ್ಲೇಟ್‌ಲೆಟ್ ಎಣಿಕೆ ಕೆಳಗಿಳಿಯಬೇಕಿತ್ತು. ಇಳಿದಿಲ್ಲವೆಂದರೆ ಅಸ್ಥಿಮಜ್ಜೆ ಅಗತ್ಯಕ್ಕಿಂತ ಹೆಚ್ಚು ತಯಾರಿಸಿ ಆ ಕೊರತೆಯನ್ನು ಮರೆಮಾಚುತ್ತಿರಬಹುದು ಎಂಬುದು ಅವರ ಲೆಕ್ಕಾಚಾರ. ಹಾಗಾಗಿ, ಅಸ್ಥಿಮಜ್ಜೆಯನ್ನು ಹೀಗೆ ಅತಿಯಾಗಿ ದುಡಿಸುವ ಬದಲಾವಣೆ ಇದೆಯೇ ಎಂದು ತಿಳಿಯಲು ಜಾಕ್-2 ಎಂಬ ಜೀನಿನ ಪರೀಕ್ಷೆ ಬರೆದುಕೊಟ್ಟರು. ಅದರಲ್ಲಿನ ಈ ಬದಲಾವಣೆ ಪತ್ತೆಯಾದದ್ದೇ 2005ರಲ್ಲಿ. ಅಕ್ಕ ಇನ್ನೂ ಮೊದಲೇ ಕಾಯಿಲೆ ಬಿದ್ದಿದ್ದರೆ ಈ ದಾರಿ ಇರುತ್ತಿರಲಿಲ್ಲ.

ಪರೀಕ್ಷೆ ಪಾಸಿಟಿವ್ ಬಂತು. ಅಸ್ಥಿಮಜ್ಜೆಯ ವರದಿಯೂ ಸೇರಿದ ಮೇಲೆ, ಇದು ಪಾಲಿಸೈಥೀಮಿಯಾ ವೆರಾ, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್, ಹಲವು ವರ್ಷ ಹತೋಟಿಯಲ್ಲಿಡಬಹುದಾದದ್ದು ಎಂದು ತಜ್ಞರು ಸಾವಧಾನವಾಗಿ ತಿಳಿಸಿದರು. ನನಗೆ ಮಾತೇ ಹೊರಡಲಿಲ್ಲ. ಅಕ್ಕ ಮಾತ್ರ ಕೈಚೀಲದಿಂದ ಹಳೆಯ ಮಾತ್ರೆಗಳ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು, "ಹಾಗಾದರೆ ಈ ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಲೇ, ಡಾಕ್ಟ್ರೇ?" ಎಂದು ಕೇಳಿದಳು.