ಗೋ-ಬಾರ್‌ಗೆ ಬಿದಿರು ದಬ್ಬೆ

14 ಜುಲೈ 2024, ಭಾನುವಾರ, ಮೈಸೂರು

ಗಿಟಾರ್ ಮಾಡೋವಾಗ ಬಗ್ಸಿ ಒತ್ತೋಕೆ ಬೇಕಾದ ಕಡ್ಡಿಗಳಿಗೆ (ಗೋ-ಬಾರ್ ಅಂತಾರೆ) ಹೋದ್ವಾರ ತಂದಿದ್ದ ದಬ್ಬೆಗಳ ಕೆಲ್ಸ ಇವತ್ತು ಸಂಜೆ ಮುಗೀತು. ಒಟ್ಟು 24 ಕಡ್ಡಿ, 62 ಸೆಂ.ಮೀ. ಉದ್ದ, 15 ಮಿ.ಮೀ. ಅಗಲ, ಎಲ್ಲಾ ಸರಿಯಾಗಿ 5 ಮಿ.ಮೀ. ದಪ್ಪ.

ಗಿಟಾರ್ ಟಾಪ್ (ಮುಂಭಾಗದ ತೆಳು ಹಲಗೆ) ಒಳಗಡೆ ಬ್ರೇಸ್ (ಆಸರೆ ಪಟ್ಟಿ) ಅಂಟಿಸೋವಾಗ ನಡುವಿಗೆ ಮಾಮೂಲಿ ಕ್ಲಾಂಪ್ ಎಟುಕಲ್ಲ, ಅದಕ್ಕೆ ಮೇಲೊಂದು ಕೆಳಗೊಂದು ಹಲಗೆ ನಿಲ್ಲಿಸಿ ಮಧ್ಯೆ ಕಡ್ಡಿ ಬಗ್ಸಿ ಸಿಕ್ಕಿಸೋದು, ಕಡ್ಡಿ ನೆಟ್ಟಗಾಗೋಕೆ ನೋಡತ್ತಲ್ಲ, ಆ ಒತ್ತಡವೇ ಬ್ರೇಸನ್ನ ಹಿಡಿಯೋದು. ಕೆಳಗಿನ ಹಲಗೆ 25 ಅಡಿ ರೇಡಿಯಸ್‌ಗೆ ತೋಡಿದೀನಿ, 60 ಸೆಂ.ಮೀ. ಅಗಲಕ್ಕೆ ನಡುವೆ ತಗ್ಗು ಬರೀ 6 ಮಿ.ಮೀ. ಫೈಬರ್‌ಗ್ಲಾಸ್ ಕಡ್ಡಿ ತರಿಸ್ಬಹುದಿತ್ತು, ಆದ್ರೆ ಬಂಬೂ ಬಜಾರ್ ಇಲ್ಲೇ ಇದೆ.

ಅಲ್ಲಿ ತಾತ ಒಬ್ರು ದಬ್ಬೆ ಸೀಳ್ತಾ ಕೂತಿದ್ರು. "ಯಾತಕ್ಕಪ್ಪ, ತಡಿಕೆಗಾ?" ಅಂದ್ರು. "ಇಲ್ಲ ತಾತ, ಬಗ್ಸಿ ಬಿಟ್ರೆ ನೆಟ್ಟಗಾಗ್ಬೇಕು" ಅಂದೆ. "ಹಂಗಾರೆ ಎಳೇದು ಬ್ಯಾಡ" ಅಂತ ಕೈಲಿದ್ದಿದ್ದು ಪಕ್ಕಕ್ಕಿಟ್ಟು ಬಲಿತ ಬಿದಿರು ಎತ್ಕೊಂಡ್ರು.

ಮನೇಲಿ ತೂಕದ ಮೆಷಿನ್ ಮಧ್ಯೆ ಇಟ್ಟು, ಗ್ಯಾಪ್ 60 ಸೆಂ.ಮೀ.ಗೆ ಹೊಂದಿಸಿ, ಒಂದೊಂದೇ ಸಿಕ್ಕಿಸಿ ನೋಡ್ದೆ. 5 ಮಿ.ಮೀ. ಇರೋದು ಸುಮಾರು 6 ಕೆಜಿ ಒತ್ತುತ್ತೆ, 6 ಮಿ.ಮೀ. ಇರೋದು 10 ದಾಟ್ತು! ಒಂದೇ ಒಂದು ಮಿ.ಮೀ. ವ್ಯತ್ಯಾಸ, ಆದ್ರೆ ಬಿಗಿ ದಪ್ಪದ ಘನಕ್ಕೆ ತಕ್ಕಂಗೆ ಏರತ್ತೆ. ಜಾಸ್ತಿ ಬಗ್ಸಿದ್ರೆ ಜಾಸ್ತಿ ಒತ್ತತ್ತೆ ಅನ್ಕೊಂಡಿದ್ದೆ, ಹಾಗೇನಿಲ್ಲ, ಒಮ್ಮೆ ಬಾಗಿದ್ಮೇಲೆ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಅಂದ್ರೆ ಎಲ್ಲಾ ದಪ್ಪದ ಮೇಲೇನೇ ನಿಂತಿದೆ. ಹಾಗಾಗಿ ಈ ಜಿಗ್‌ಗೇ (ಕೆಲ್ಸಕ್ಕೆ ಹಿಡಿದಿಡೋ ಸಾಧನ) ಇನ್ನೊಂದು ಜಿಗ್ ಮಾಡ್ಬೇಕಾಯ್ತು, ಹಲಗೆ ಮೇಲೆ ಎರಡು ಕಡೆ 5 ಮಿ.ಮೀ. ಪಟ್ಟಿ ಅಂಟಿಸಿ, ಮಧ್ಯೆ ದಬ್ಬೆ ಮಲಗಿಸಿ, ಕೀಸುಳಿ ಪಟ್ಟಿಗೆ ತಾಗೋವರೆಗೂ ಕೀಸೋದು. ಒಳಮೈ ಮಾತ್ರ ಕೀಸಿದ್ದು, ಹೊರಸಿಪ್ಪೆ ಮುಟ್ಟಿಲ್ಲ, ಗಟ್ಟಿ ನಾರೆಲ್ಲ ಅಲ್ಲೇ ಇರೋದು. ಗಿಣ್ಣು ಇರೋ ಕಡೆ ತುಂಬಾ ಹೊತ್ತು ಹಿಡೀತು.

ಬುಧವಾರ ಟ್ರಯಲ್ ನೋಡೋವಾಗ ಒಂದು ಕಡ್ಡಿ ಜಾರಿ ಟಾಪ್‌ಗೆ ಹೊಡೀತು. ಟಾಪ್‌ನ ಸ್ಪ್ರೂಸ್ ಮರ ಎಷ್ಟು ಮೆತ್ತಗೆ ಅಂದ್ರೆ ಉಗುರು ಒತ್ತಿದ್ರೂ ಗುರುತು ಬೀಳತ್ತೆ, ಎದೆ ಧಸಕ್ ಅಂತು. ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ತಾಗಿಸ್ದೆ, ಹಬೆಗೆ ನಾರು ಉಬ್ಬಿ ಕುಳಿ ಮೇಲೆ ಬಂತು. ಈಗ ಎಲ್ಲಾ ತುದಿಗೂ ಸೈಕಲ್ ಟ್ಯೂಬ್ ತುಂಡು ಅಂಟಿಸಿದೀನಿ.

ಬ್ರೇಸ್ ಇನ್ನೂ ಅಂಟಿಸಿಲ್ಲ. ಹೊರಗೆ ಸೋನೆ ಮಳೆ, ಗಾಳಿಯ ತೇವ ಅಳೆಯೋ ಹೈಗ್ರೋಮೀಟರ್ 74% ತೋರಿಸ್ತಿದೆ, ಈ ತೇವದಲ್ಲಿ ಅಂಟಿಸಿದ್ರೆ ಬೇಸಿಗೇಲಿ ಟಾಪ್ ಕುಗ್ಗಿ ಸೀಳು ಬಿಡತ್ತೆ. ಟಾಪೂ ಬ್ರೇಸೂ ಬೀರು ಒಳಗೆ ಬಲ್ಬ್ ಹಾಕಿ ಇಟ್ಟಿದೀನಿ, 50ರ ಹತ್ರ ಬಂದ ದಿನ ಕೂರ್ತೀನಿ.