ಮಾರುತಿ 800: ತಪ್ಪು ಜೆಟ್‌ನದಲ್ಲ, ಫ್ಲೋಟ್ ನೀಡಲ್‌ನದು

ಕೊನೆಗೂ ನಾಕಿಂಗ್ (ಸಿಲಿಂಡರ್‌ನಲ್ಲಿ ಇಂಧನ ತಾನಾಗಿ ಸಿಡಿದು ಬರುವ ಟಣಟಣ ಸದ್ದು) ನಿಂತಿತು! ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕಾಲದ 796 ಸಿಸಿ ಎಫ್8ಬಿ ಎಂಜಿನ್. ಪೋರ್ಟ್ ಸವರಿದ್ದು, ಸೈಲೆನ್ಸರ್ ಬದಲಿಸಿದ್ದು ಎಲ್ಲರೂ ಬಲ್ಲ ಕೆಲಸ, ಬಿಡೋಣ. ಹೆಡ್ ಫೇಸಿಂಗ್ (ಸಿಲಿಂಡರ್ ಹೆಡ್‌ನ ತಳ ಸವೆಸಿ ಕಂಪ್ರೆಶನ್ ಏರಿಸುವುದು) ಲೆಕ್ಕವಷ್ಟೇ ಇಲ್ಲಿರಲಿ. ಒಂದು ಸಿಲಿಂಡರ್ 265.3 ಸಿಸಿ. ಕಂಪ್ರೆಶನ್ ಅನುಪಾತ 8.7 ಇದ್ದಾಗ ಪಿಸ್ಟನ್ ಮೇಲೆ ಉಳಿಯುವ ಜಾಗ 34.5 ಸಿಸಿ, 9.2 ಬೇಕಾದರೆ 32.4. ಈ ಹೆಡ್‌ನ ಚೇಂಬರ್ ಬಾಯಿ 28 ಚದರ ಸೆಂ.ಮೀ. ಇದ್ದದ್ದರಿಂದ 0.75 ಮಿ.ಮೀ. ತೆಗೆಸಿದ್ದಾಯಿತು. ಹೆಡ್ ಅಷ್ಟು ಕೆಳಗಿಳಿದರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಟೈಮಿಂಗ್ ತುಸು ಹಿಂದೆ ಬೀಳುತ್ತದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮ್‌ನಿಂದಲೇ, ಹಾಗಾಗಿ ಸ್ಪಾರ್ಕ್ ಟೈಮಿಂಗನ್ನು ಟೈಮಿಂಗ್ ಲೈಟ್ ಹಿಡಿದು ಮತ್ತೆ ಕೂರಿಸಲೇಬೇಕು.

ಕೂರಿಸಿದ ಮೇಲೂ ಮೂರನೇ ಗೇರ್‌ನಲ್ಲಿ, 3,500 ಆರ್‌ಪಿಎಂ ಹತ್ತಿರ, ಏರಿನಲ್ಲಿ ಟಣಟಣ ಸದ್ದು. ಕಂಪ್ರೆಶನ್ ಹೆಚ್ಚಾಯಿತು, ಸ್ಪಾರ್ಕ್ ಹಿಂದಕ್ಕೆ ತಳ್ಳು (ಕಿಡಿ ತುಸು ತಡವಾಗಿ ಹಾರಲಿ) ಎನ್ನುವುದು ಸಿದ್ಧ ಉತ್ತರ. ಅದು ಒಪ್ಪುವ ಮಾತಲ್ಲ. ಬಂಕ್ ಪೆಟ್ರೋಲ್‌ಗೆ ಎಥನಾಲ್ ಬೆರೆತರೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಏರುತ್ತದೆ, ಇಳಿಯುವುದಿಲ್ಲ, 9.2 ದೊಡ್ಡ ಕಂಪ್ರೆಶನ್ನೂ ಅಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಒತ್ತಿ, ಇಗ್ನಿಶನ್ ಆರಿಸಿ ಪ್ಲಗ್ ಬಿಚ್ಚಿ ನೋಡಬೇಕು. ಇದನ್ನು ಖಾಲಿ ರಸ್ತೆಯಲ್ಲೇ ಮಾಡಿ. ಕೀ ಲಾಕ್‌ವರೆಗೆ ತಿರುಗಿದರೆ ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ಮೂರೂ ಪ್ಲಗ್‌ಗಳ ಪಿಂಗಾಣಿ ಸುಣ್ಣದ ಹಾಗೆ ಬಿಳಿ. ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ.

ಬರೀ ಪೆಟ್ರೋಲ್‌ಗೆ ಗಾಳಿಯ ಅನುಪಾತ ತೂಕದಲ್ಲಿ 14.7, ಇ20ಗೆ (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಸುಮಾರು 13.5. ಅಳತೆಯಲ್ಲಿ ಶೇ. 8ರಷ್ಟು ಹೆಚ್ಚು ಇಂಧನ ಹರಿಯಬೇಕು, ಅಂದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿಯುವ ಜೆಟ್‌ನ ರಂಧ್ರದ ವ್ಯಾಸ ಶೇ. 4ರಷ್ಟು ದೊಡ್ಡದಾಗಬೇಕು: 1.00 ಮಿ.ಮೀ. ಇದ್ದದ್ದು 1.04. ಕೊಂಡ ಜೆಟ್ ಮೇಲೆ 105 (ಅಂದರೆ 1.05 ಮಿ.ಮೀ.) ಎಂದು ಕೊರೆದಿತ್ತು, ಪಿನ್ ಗೇಜ್ ಹಾಕಿದರೆ 1.01! ಗೇಜ್ ಇಲ್ಲದೆ ಯಾವ ಜೆಟ್ಟನ್ನೂ ನಂಬಬೇಡಿ. ತೂತು ಹಿಗ್ಗಿಸುವ ರೀಮರ್‌ನಲ್ಲಿ ಕೈಯಿಂದಲೇ 1.04ಕ್ಕೆ ಸರಿಮಾಡಿ ಹಾಕಿದರೂ ಪ್ಲಗ್ ಬಿಳಿಯೇ.

ಗಂಟು ಬಿಚ್ಚಿಕೊಂಡದ್ದು ಇಲ್ಲಿ. ಎಂಟು ಸೆಕೆಂಡ್ ಪೂರ್ತಿ ಥ್ರಾಟಲ್ ಕೊಟ್ಟು ಆರಿಸಿ ಕಾರ್ಬ್ಯುರೇಟರ್ ಮುಚ್ಚಳ ತೆಗೆದರೆ ಬೌಲ್‌ನಲ್ಲಿ (ಜೆಟ್‌ಗೆ ಹೋಗುವ ಮುನ್ನ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಗುರುತಿಗಿಂತ ಎಷ್ಟೋ ಕೆಳಗೆ. ಬೌಲೇ ಬರಿದಾಗುತ್ತಿದ್ದರೆ ಜೆಟ್ ದೊಡ್ಡದು ಮಾಡಿ ಏನು ಪ್ರಯೋಜನ? 40 ಎಚ್‌ಪಿಗೆ ನಿಮಿಷಕ್ಕೆ ಸುಮಾರು 200 ಮಿ.ಲೀ. ಬೇಕು, ಇ20 ಆದರೆ 220. ಪಂಪ್‌ನ ಪೈಪನ್ನು ಬಾಟಲಿಗೆ ಬಿಟ್ಟು ಅಳೆದಾಗ ಅದಕ್ಕಿಂತ ಹೆಚ್ಚೇ ಬಂತು. ತಪ್ಪು ಇದ್ದದ್ದು ಬೌಲ್‌ಗೆ ಪೆಟ್ರೋಲ್ ಬಿಡುವ, ತಡೆಯುವ ಫ್ಲೋಟ್ ನೀಡಲ್‌ನಲ್ಲಿ: ಅದರ ರಬ್ಬರ್ ತುದಿ ಎಥನಾಲ್ ಕುಡಿದು ಊದಿ ಸೀಟಿನ ದಾರಿಯನ್ನು ಅರ್ಧ ಮುಚ್ಚಿತ್ತು. ವೈಟಾನ್ (ಎಥನಾಲ್ ತಡೆಯುವ ರಬ್ಬರ್) ಎಂದು ಹೇಳಿ ಕೊಟ್ಟ ಮೊದಲ ನೀಡಲ್ ಕೂಡ ಹಾಗೇ ಊದಿತು. ಈಗಿನ ನಿಯಮ: ಹಾಕುವ ಮುಂಚೆ 48 ಗಂಟೆ ಬಂಕ್ ಪೆಟ್ರೋಲ್‌ನಲ್ಲಿ ನೆನೆಸಿ, ಕ್ಯಾಲಿಪರ್‌ನಲ್ಲಿ ಅಳೆಯುವುದು. ಎರಡನೆಯದು ಕೂದಲೆಳೆಯಷ್ಟೂ ಊದಲಿಲ್ಲ. ಅದೇ 1.04 ಜೆಟ್ ಇಟ್ಟುಕೊಂಡೇ ಪ್ಲಗ್ ತಿಳಿ ಕಂದು ಬಣ್ಣಕ್ಕೆ ಬಂತು, ಏರಿನಲ್ಲಿ ಸದ್ದಿಲ್ಲ, ಸ್ಪಾರ್ಕ್ ಹಿಂದಕ್ಕೆ ತಳ್ಳಬೇಕಾಗಿಯೂ ಬರಲಿಲ್ಲ.

ನಾಲ್ಕೇ ಗೇರ್ ಇರುವುದು ಈಗ ಕಾಡುತ್ತಿದೆ. ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ 12 ವಾಲ್ವ್ ಎಂಪಿಎಫ್‌ಐ 800ರ ಐದು ಗೇರ್ ಬಾಕ್ಸ್ ಒಂದು ಗುಜರಿಯಲ್ಲಿದೆ, ಸಿಂಕ್ರೋ ರಿಂಗ್‌ಗಳು ಚೆನ್ನಾಗಿವೆ. ಮೊದಲು ಮೌಂಟ್‌ಗಳ ಅಳತೆ ತೆಗೆಯಬೇಕು. ಅದಕ್ಕೂ ಮುಂಚೆ ಪಂಪ್ ಡಯಾಫ್ರಾಮ್ ಮತ್ತು ಹಳೆಯ ಪೆಟ್ರೋಲ್ ಪೈಪ್‌ಗಳನ್ನು ಇ20ಗೆ ತಡೆಯುವಂಥವಕ್ಕೆ ಬದಲಿಸಬೇಕು. ನೀಡಲ್ ಊದಿಸಿದ ಎಥನಾಲ್ ಅವನ್ನೂ ಬಿಟ್ಟಿರಲಾರದು.