ಫೈನಲ್, ಫೈನಲ್ 2, ಹೊಸ ಫೈನಲ್

2005ರಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ಪ್ರೆಸ್‌ಗೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ-ಚಿತ್ರ ಜೋಡಿಸುವ ಕೆಲಸಕ್ಕೆ ಸೇರಿದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಹ್ಯಾಂಡ್‌ಬಿಲ್ಲು. ಫೈಲುಗಳೆಲ್ಲ ಫ್ಲಾಪಿಯಲ್ಲಿ. ಫ್ಲಾಪಿಗೆ ಹಿಡಿಸುತ್ತಿದ್ದದ್ದು 1.44 ಎಂಬಿ. ಕಾರ್ಡಿನ ಗಣಪತಿ ಸ್ವಲ್ಪ ದಪ್ಪಗಾದರೂ ಕಥೆ ಮುಗೀತು!

ಹಾಟ್‌ಮೇಲ್ 2 ಎಂಬಿ, ಯಾಹೂ 4 ಎಂಬಿ ಕೊಡುತ್ತಿದ್ದಾಗ ಜಿಮೇಲ್ 1 ಜಿಬಿ ಕೊಡುತ್ತೇವೆ ಅಂತ ಬಂದಿತ್ತು. ಅದೂ 2004ರ ಏಪ್ರಿಲ್ 1ರಂದು. ನಾನು ಫೈಲಿಗೆಂದೇ ಒಂದು ಅಕೌಂಟ್ ತೆರೆದೆ. ಸಂಜೆ ಪ್ರೆಸ್ ಮುಚ್ಚುವ ಮುಂಚೆ ಆ ದಿನದ ಕೆಲಸವನ್ನೆಲ್ಲ ಅದಕ್ಕೆ ಮೇಲ್ ಮಾಡುತ್ತಿದ್ದೆ. ಆಗ ಒಂದು ಮೇಲ್‌ಗೆ ಮಿತಿ 10 ಎಂಬಿ. ಆದರೆ ಮೇಲ್‌ಗೆ ಹತ್ತಿಸಿದ ಫೈಲು ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತೆ, ಹಾಗಾಗಿ 7 ಎಂಬಿ ದಾಟಿದರೆ ತಕರಾರು. ಇಎಕ್ಸ್ಇ ಫೈಲನ್ನು (ಪ್ರೋಗ್ರಾಂ ಫೈಲು) ಜಿಪ್ ಮಾಡಿ ಕಳಿಸಿದರೂ ಒಳಗೆ ಬಿಡುತ್ತಿರಲಿಲ್ಲ.

2009ರಲ್ಲಿ ಹಳೇ ಗಿರಾಕಿಯೊಬ್ಬರು ಬಂದರು. "ದೊಡ್ಡ ಮಗಳ ಕಾರ್ಡಿನ ಥರಾನೇ ಚಿಕ್ಕವಳದ್ದೂ ಮಾಡಿಕೊಡಪ್ಪ" ಅಂದರು. ಹುಡುಕಿದರೆ ಸಬ್ಜೆಕ್ಟ್ ಲೈನಿನಲ್ಲಿ ಬರೀ "ಫೈನಲ್", "ಫೈನಲ್ 2", "ಹೊಸ ಫೈನಲ್". ನಾವು ಟೈಪ್ ಮಾಡುತ್ತಿದ್ದದ್ದು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಫಾಂಟಿನಲ್ಲಿ, ಡಿಸೈನ್ ಮಾಡುವ ಕೋರಲ್‌ಡ್ರಾ ಫೈಲಿನೊಳಗೆ. ಅದರೊಳಗಿನ ಹೆಸರು ಮೇಲ್ ಹುಡುಕಾಟಕ್ಕೆ ಸಿಗೋದೇ ಇಲ್ಲ, ಅಲ್ವಾ? ಒಂದೊಂದೇ ತೆರೆಯುತ್ತಾ ಕೂತೆ. ಅವರ ಎರಡನೇ ಚಹಾ ಮುಗಿಯುವಾಗ ಸಿಕ್ಕಿತು. ಹುಡುಗಿ ಹೆಸರು, ಹುಡುಗನ ಹೆಸರು, ಮುಹೂರ್ತ ಬದಲಿಸಿದೆ. ಅವಸರ ಅಂತ ಪ್ರೂಫ್‌ನಲ್ಲೂ ಅಷ್ಟನ್ನೇ ನೋಡಿದೆವು.

ನನಗೆ ಸಿಕ್ಕಿದ್ದು ತಿದ್ದುಪಡಿಗೆ ಮುಂಚಿನ ಫೈಲು. ಹೆಣ್ಣಿನ ತಂದೆಯ ಇನಿಷಿಯಲ್ ತಪ್ಪಿತ್ತು. ಹಿಂದಿನ ಸಲ ಅವರೇ ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟಿದ್ದರು. 300 ಕಾರ್ಡು ಮತ್ತೆ ಹೊಡೆದೆವು, ನಮ್ಮದೇ ಖರ್ಚಿನಲ್ಲಿ.

ಅವತ್ತಿನಿಂದ ಸಬ್ಜೆಕ್ಟ್ ಲೈನಿನಲ್ಲಿ ಗಿರಾಕಿ ಹೆಸರು, ಊರು, ತಾರೀಖು, ಆಮೇಲೆ "ಪ್ರೂಫ್" ಅಥವಾ "ಪ್ರಿಂಟ್ ಆಗಿದ್ದು" ಅಂತ ಬರೆಯುತ್ತೇನೆ. ಪಾಸ್‌ವರ್ಡ್ ಯಜಮಾನರ ಡೈರಿಯಲ್ಲೂ ಇದೆ. 2012ರಲ್ಲಿ ಗೂಗಲ್ ಡ್ರೈವ್ ಬಂದ ಮೇಲೆ ಫೈಲುಗಳು ಅಲ್ಲಿಗೆ ಹೋಗುತ್ತವೆ. ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ. ಆದರೂ ಆ ಹಳೇ ಅಕೌಂಟನ್ನು ಆಗಾಗ ತೆರೆದು ನೋಡುತ್ತೇನೆ. ಎರಡು ವರ್ಷ ಮುಟ್ಟದೆ ಬಿಟ್ಟರೆ ಅಳಿಸಿ ಹಾಕಬಹುದು.

ಯಜಮಾನರು ಬೈಯಲಿಲ್ಲ. ಕೆಟ್ಟ 300 ಕಾರ್ಡುಗಳ ಕಟ್ಟನ್ನು ತಂದು ನನ್ನ ಟೇಬಲ್ ಮೇಲಿಟ್ಟು, "ಆರ್ಡರ್ ಬರ್ಕೊಳ್ಳೋಕೆ ಇಟ್ಕೋ" ಅಂದರು. ಖಾಲಿಯಾಗಲು ಒಂದು ವರ್ಷ ಹಿಡಿಯಿತು.